ಗುಡುಗವ್ವ ಬೆನ್ನು ತಿರುಗಿಸಿದ್ದು

ದೋಣಿಗಳು ಮನುಷ್ಯರ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ, ಪಡುವಣ ಕಡಲ ದಂಡೆಯ ಮೇಲೆ ಏಳುಕುದುರು ಎಂಬ ಒಂದು ರಾಜ್ಯವಿತ್ತು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಏಳು ದ್ವೀಪ, ಏಳು ದ್ವೀಪಕ್ಕೆ ಒಬ್ಬ ರಾಜ, ಆ ರಾಜನಿಗೆ ಒಂದೇ ಒಂದು ಯುದ್ಧದ ದೋಣಿ. ಆ ದೋಣಿಯ ಹೆಸರು ಗುಡುಗವ್ವ.

ಗುಡುಗವ್ವನನ್ನು ಕಟ್ಟಿಸಿದ್ದು ರಾಜನ ಅಜ್ಜ. ಸಾಗುವಾನಿಯ ಮೈ, ಅದರ ಮೇಲೆ ಕಬ್ಬಿಣದ ತಗಡು, ಹೊಟ್ಟೆಯಲ್ಲಿ ಕಟ್ಟಿಗೆ ತಿಂದು ಉಗಿ ಮಾಡುವ ಒಲೆ, ನೆತ್ತಿಯ ಮೇಲೆ ಹೊಗೆಕೊಳವೆ, ಗಾಳಿ ಬಂದರೆ ಇರಲಿ ಎಂದು ಎರಡು ಹಾಯಿ. ಮೂತಿಯಲ್ಲಿ ಒಂದು ಕಂಚಿನ ಫಿರಂಗಿ. ದೋಣಿ ಚಿಕ್ಕದು, ಫಿರಂಗಿ ದೊಡ್ಡದು; ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಆ ಭಾರಕ್ಕೆ ಅವಳು ಯಾವಾಗಲೂ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದಳು. ಆದರೂ ಒಮ್ಮೆ ಗುಡುಗಿದರೆ ಕಡಲುಗಳ್ಳರ ಹಡಗುಗಳು ದಿಕ್ಕು ಮರೆಯುತ್ತಿದ್ದವು. ಮೂವರು ರಾಜರ ಕಾಲ ಅವಳು ಒಬ್ಬಳೇ ಅಳಿವೆ ಕಾದಳು. ಅಂಥ ದೋಣಿಯನ್ನು ಹೊಗಳದೆ ಇನ್ನಾರನ್ನು ಹೊಗಳಬೇಕು ಹೇಳಿ!

ಆ ಫಿರಂಗಿ ಅತ್ತಿತ್ತ ತಿರುಗುತ್ತಿರಲಿಲ್ಲ. ಗುರಿ ಇಡಬೇಕಾದರೆ ಇಡೀ ದೋಣಿಯನ್ನೇ ಹಗೆಯ ಕಡೆಗೆ ತಿರುಗಿಸಬೇಕು. ಹಾಗಾಗಿ ಏಳುಕುದುರಿನವರಲ್ಲಿ ಒಂದು ಕಟ್ಟಳೆ ಬೆಳೆಯಿತು: ಹಗೆಗೆ ಮುಖ, ಊರಿಗೆ ಬೆನ್ನು. ಯುದ್ಧ ಮುಗಿಸಿ ಬರುವಾಗಲೂ ಅವರು ಹಿಮ್ಮುಖವಾಗಿಯೇ ಬರುತ್ತಿದ್ದರು, ಬಂದು ದೋಣಿ ಕಟ್ಟುವ ಧಕ್ಕೆಗೆ ಗುದ್ದುತ್ತಿದ್ದರು. ಹಗೆಗೆ ಬೆನ್ನು ತೋರಿಸಿದ ದೋಣಿಯ ಹೆಸರನ್ನು ಮೂತಿಯಿಂದ ಕೆತ್ತಿ ತೆಗೆಯಬೇಕು, ಅದನ್ನು ನಡೆಸುವ ತಂಡೇಲನನ್ನು ರಾಜ್ಯದ ಹೊರಗೆ ಕಳಿಸಬೇಕು ಎಂದು ಕಲ್ಲಿನಲ್ಲಿ ಬರೆಸಿ ಅಳಿವೆಯ ಬಾಯಲ್ಲಿ ನಿಲ್ಲಿಸಿದ್ದರು. ಆ ಕಲ್ಲಿನ ಕಟ್ಟಳೆಯನ್ನು ಯಾರೂ ಯಾವತ್ತೂ ಮೀರಿರಲಿಲ್ಲ.

ಹೀಗಿರುವಾಗ ಕಡಲಾಚೆಯಿಂದ ಜಲಕಂಟಕ ಎಂಬ ಮಾಂತ್ರಿಕ ಬಂದ. ಕತ್ತಿ ತಾಗಬಾರದು, ಬಾಣ ನಾಟಬಾರದು ಎಂದು ಅವನು ತನ್ನ ಮೈಯನ್ನೇ ಉಪ್ಪು ಮಾಡಿಕೊಂಡಿದ್ದ. ಹಾಗಾಗಿ ನೀರಿಗೆ ಮಾತ್ರ ಇಳಿಯುತ್ತಿರಲಿಲ್ಲ. ಬಡಪಾಯಿ ಆಮೆಯೊಂದನ್ನು ಹಿಡಿದು, ಮಂತ್ರ ಹಾಕಿ, ಗುಡ್ಡದಷ್ಟು ಬೆಳೆಸಿ, ಅದರ ಚಿಪ್ಪನ್ನು ಕಬ್ಬಿಣ ಮಾಡಿ, ಬೆನ್ನ ಮೇಲೊಂದು ಗೋಪುರ ಕಟ್ಟಿಕೊಂಡು ಅದರಲ್ಲೇ ವಾಸವಾಗಿದ್ದ. ಸಿಕ್ಕಿದ ಮೀನುಗಾರರನ್ನೆಲ್ಲ ಕಡಲಹಕ್ಕಿ ಮಾಡಿ ಗೋಪುರದ ಸುತ್ತ ಹಾರಿಸುತ್ತಿದ್ದ. ಆ ಹಕ್ಕಿಗಳು ಕಡಲ ಮೇಲೆ ಕಂಡದ್ದನ್ನೆಲ್ಲ, ಅವನು ಕೇಳಿದಾಗ, ಇದ್ದದ್ದು ಇದ್ದ ಹಾಗೆ ಹೇಳಲೇಬೇಕು. ಸುಳ್ಳು ಹೇಳಲು ಅವುಗಳ ನಾಲಿಗೆ ಹೊರಳುತ್ತಿರಲಿಲ್ಲ.

ಗುಡುಗವ್ವ ಎದುರು ಹೋದಳು. ಗುಡುಗಿದಳು. ಗುಂಡು ಆಮೆಯ ಬೆನ್ನಿಗೆ ಬಡಿದು, ಹಂಚಿನ ಮೇಲೆ ಬಿದ್ದ ಆಲಿಕಲ್ಲಿನ ಹಾಗೆ ಪುಟಿದು ಹೋಯಿತು. ಮತ್ತೆ ಗುಡುಗಿದಳು, ಮತ್ತೆ ಪುಟಿಯಿತು. ಆ ಹೊತ್ತಿಗೆ ಮೀನುದೋಣಿಯೊಂದು ಆಮೆಯ ಹತ್ತಿರ ಸಿಕ್ಕಿಬಿದ್ದದ್ದು ಕಂಡು, ಗುಡುಗವ್ವನ ತಂಡೇಲ ದೂಮ ಅವರನ್ನು ಬಿಡಿಸಲೆಂದು ಸಣ್ಣ ದೋಣಿಯಲ್ಲಿ ಹೋದ. ಹೋದವನು ಬರಲಿಲ್ಲ. ಗೋಪುರದ ಸುತ್ತ ಇನ್ನೊಂದು ಬಿಳಿ ಹಕ್ಕಿ ಹಾರಿತು.

ದೂಮನಿಗೆ ಒಬ್ಬಳು ತಂಗಿ, ಹೆಸರು ಅಕ್ಕಣಿ. ಗುಡುಗವ್ವನ ಒಲೆಗೆ ಕಟ್ಟಿಗೆ ಹಾಕುವುದು ಅವಳ ಕೆಲಸ. ಮೈಗೆ ಯಾವಾಗಲೂ ಮಸಿ, ಬಾಯಲ್ಲಿ ಯಾವಾಗಲೂ ಮಾತು. ಅವರ ಅಪ್ಪ ಐತಣ್ಣ ಫಿರಂಗಿಗೆ ಮದ್ದು ತುಂಬುವವನು. ಅಣ್ಣ ಹೋದ ಮೇಲೆ ರಾಜ ಪದುಮರಸ ಅಕ್ಕಣಿಯನ್ನೇ ತಂಡೇಲಳನ್ನಾಗಿ ಮಾಡಿದ. "ದೋಣಿ ಯಾರ ಮಾತು ಕೇಳುತ್ತದೋ ಅವರೇ ತಂಡೇಲ" ಎಂದ. ಮಾತು ನಿಜ. ಗುಡುಗವ್ವ ತನಗೆ ಉಣ್ಣಿಸುವವರ ಹತ್ತಿರ ಮಾತ್ರ ಮಾತಾಡುತ್ತಿದ್ದಳು, ಉಳಿದವರಿಗೆ ಅವಳ ಸೀಟಿ ಮಾತ್ರ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಬಿಳಿ ಹಕ್ಕಿಯೊಂದು ಬಂದು ಹೊಗೆಕೊಳವೆಯ ಮೇಲೆ ಕೂತು "ಅಕ್ಕಣಿ" ಎಂದು ಕರೆಯಿತು. ದನಿ ಅಣ್ಣನದು. ಅಕ್ಕಣಿಯ ಕೈಯಿಂದ ಕಟ್ಟಿಗೆ ಜಾರಿ ಕಾಲ ಮೇಲೆ ಬಿತ್ತು.

"ಅಣ್ಣ! ಇಳಿದು ಬಾ, ಮನೆಗೆ ಹೋಗುವ."

"ಆಗ್ಲಿಕ್ಕಿಲ್ಲ ಅಕ್ಕಣಿ. ಸ್ವಲ್ಪ ಹೊತ್ತಿಗೆ ರೆಕ್ಕೆ ತಾನಾಗಿಯೇ ಅತ್ತ ಎಳೆಯುತ್ತದೆ. ಕೇಳು. ಬರುವ ಹುಣ್ಣಿಮೆಯ ಉಬ್ಬರಕ್ಕೆ ಆಮೆ ಅಳಿವೆಯ ಒಳಗೆ ಬರುತ್ತದೆ. ಊರಿಗೆ ಊರೇ ಹಕ್ಕಿಯಾಗುತ್ತದೆ. ನಮಗೆ ಅಷ್ಟರೊಳಗೆ ನಮ್ಮ ಹೆಸರೇ ಮರೆತುಹೋಗುತ್ತದೆ. ಹೆಸರು ಮರೆತವನು ಮತ್ತೆ ಮನುಷ್ಯನಾಗುವುದಿಲ್ಲ."

"ನಾನು ಬಿಡುವುದಿಲ್ಲ" ಎಂದಳು ಅಕ್ಕಣಿ.

"ಎಂಥ ಮಾಡಿದರೂ ನನಗೆ ಕಾಣುವ ಹಾಗೆ ಮಾಡಬೇಡ ಮಾರಾಯ್ತಿ. ಕಂಡರೆ ಹೇಳಿಬಿಡುತ್ತೇನೆ" ಎಂದು ಹಕ್ಕಿ ಹಾರಿಹೋಯಿತು. ಅಕ್ಕಣಿ ಒಲೆಯ ಮುಂದೆ ಕೂತು ಅತ್ತಳು. ಅಣ್ಣನನ್ನು ಹುಣ್ಣಿಮೆಗೆ ಮುಂಚೆ ತರಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಗುಡುಗವ್ವ ಉಗಿ ಬಿಟ್ಟು ಕೇಳಿದಳು, "ಅತ್ತು ಮುಗಿಯಿತಾ? ಮುಗಿದರೆ ನಾಲ್ಕು ಕಟ್ಟಿಗೆ ಹಾಕು. ಹಸಿದ ಹೊಟ್ಟೆಯಲ್ಲಿ ನನಗೆ ಮಾತು ಬರುವುದಿಲ್ಲ."

ಅಕ್ಕಣಿ ಕಟ್ಟಿಗೆ ಹಾಕಿದಳು.

"ನಾನೊಂದು ನೋಡಿದ್ದೇನೆ" ಎಂದಳು ಗುಡುಗವ್ವ. "ಅವತ್ತು ದೊಡ್ಡ ತೆರೆ ಎತ್ತಿದಾಗ ಆಮೆಯ ಹೊಟ್ಟೆ ಕಂಡಿತು. ಬೆನ್ನು ಕಬ್ಬಿಣ, ಹೊಟ್ಟೆ ಕಬ್ಬಿಣ ಅಲ್ಲ. ಮಂತ್ರ ಹಾಕಿದವನು ಮೇಲೆ ನಿಂತಿದ್ದನಲ್ಲ, ಕೆಳಗೆ ನೋಡಲೇ ಇಲ್ಲ. ನಾನು ಎಷ್ಟು ಗುಡುಗಿದರೂ ಗುಂಡು ಬೀಳುವುದು ಬೆನ್ನ ಮೇಲೆ. ಇವನನ್ನು ಕೆಳಗಿಂದ ಹೊಡೆಯಬೇಕು."

"ನೀರಿನ ಅಡಿಯಿಂದ ಹೊಡೆಯುವುದು ಹೇಗೆ ಅವ್ವ?"

"ನೀವು ಬಲೆ ತೇಲಲಿ ಎಂದು ಬುರುಡೆ ಕಟ್ಟುವುದಿಲ್ಲವಾ? ಹಾಗೆಯೇ. ಬಾಯಿ ಮುಚ್ಚಿದ ಟೊಳ್ಳು ಗಡಿಗೆ, ಒಳಗೆ ಬೆಂಕಿ. ಗಡಿಗೆಗೊಂದು ಹಗ್ಗ, ಹಗ್ಗದ ತುದಿಗೊಂದು ಕಲ್ಲು. ಕಲ್ಲು ತಳ ಹಿಡಿಯುತ್ತದೆ, ಗಡಿಗೆ ನೀರಿನ ನಡುವೆ ನಿಂತು ಕಾಯುತ್ತದೆ. ಹೊಟ್ಟೆ ತಾಗಿದರೆ ಸಿಡಿಯುತ್ತದೆ."

ಅಕ್ಕಣಿ ಕಣ್ಣು ಒರೆಸಿಕೊಂಡು ನೇರ ಅರಮನೆಗೆ ಓಡಿದಳು. ರಾಜ ಎಲ್ಲ ಕೇಳಿ "ಸಿಡಿಗಡಿಗೆ ಮಾಡಿ" ಎಂದು ಅಪ್ಪಣೆ ಕೊಟ್ಟ. ಹೇಳುವುದು ಸುಲಭ. ಮಾಡಲು ಹೊರಟಾಗ ಮೂರು ಕಷ್ಟಗಳು ಸಾಲಾಗಿ ಎದುರು ನಿಂತವು.

ಮೊದಲನೆಯದು ಕಂಚಿನದು. ಮಣ್ಣಿನ ಗಡಿಗೆ ತೆರೆಗೆ ಒಡೆಯುತ್ತದೆ, ಕಬ್ಬಿಣವನ್ನು ತೇಲುವಷ್ಟು ತೆಳ್ಳಗೆ ಎರಕ ಹೊಯ್ಯಲು ಬಾರದು, ಕಂಚೇ ಆಗಬೇಕು ಎಂದರು ಕಂಚುಗಾರರು. ರಾಜ್ಯದಲ್ಲಿ ಅಷ್ಟು ಕಂಚು ಇದ್ದದ್ದು ಒಂದೇ ಕಡೆ: ಗುಡುಗವ್ವನ ಮೂತಿಯಲ್ಲಿ. ಆ ಫಿರಂಗಿ ಮಾಯದ ಫಿರಂಗಿ, ತನಗೆ ಮದ್ದು ತುಂಬಿದವನೇ ಬೆಂಕಿ ಇಟ್ಟರೆ ಮಾತ್ರ ಕರಗುತ್ತಿತ್ತು.

ಐತಣ್ಣ ಫಿರಂಗಿಯನ್ನು ಅಪ್ಪಿಕೊಂಡು ನಿಂತುಬಿಟ್ಟ. "ನನ್ನ ಅಜ್ಜ ಇದಕ್ಕೆ ಮದ್ದು ತುಂಬಿದ, ನನ್ನ ಅಪ್ಪ ತುಂಬಿದ, ನಾನು ತುಂಬಿದೆ. ಇದನ್ನು ಗಡಿಗೆ ಮಾಡುವುದಾ? ಫಿರಂಗಿ ಇಲ್ಲದ ಗುಡುಗವ್ವ ಎಂಥ ಗುಡುಗವ್ವ? ಉಪ್ಪು ಸಾಗಿಸುವ ದೋಣಿಯಾ?"

"ಅಪ್ಪಯ್ಯ, ಅಣ್ಣ..." ಎಂದಳು ಅಕ್ಕಣಿ.

"ಅಣ್ಣನ ಹೆಸರು ಹೇಳಿ ನನ್ನ ಕೈ ಕಟ್ಟಬೇಡ!"

ಅದೇ ಹೊತ್ತಿಗೆ ಬಿಳಿ ಹಕ್ಕಿ ಬಂತು. ಫಿರಂಗಿಯ ಮೇಲೆ, ಐತಣ್ಣನ ಕೈಗೆ ಎಟಕುವಷ್ಟು ಹತ್ತಿರ ಕೂತು, ಕತ್ತು ಓರೆ ಮಾಡಿ ಅವನನ್ನು ನೋಡಿತು. ನೋಡಿ ಅಕ್ಕಣಿಯನ್ನು ಕೇಳಿತು, "ಅಕ್ಕಣಿ, ಈ ಮುದುಕ ಯಾರು? ಯಾಕೆ ಅಳುತ್ತಿದ್ದಾರೆ?"

ಐತಣ್ಣನ ಎದೆ ಒಡೆದುಹೋಯಿತು. ಮಗ ಅಪ್ಪನನ್ನು ಮರೆತಿದ್ದ. ಅಕ್ಕಣಿ "ಹೋಗು ಅಣ್ಣ, ಇನ್ನು ಇಲ್ಲಿಗೆ ಬರಬೇಡ" ಎಂದು ಸೆರಗು ಬೀಸಿ ಹಕ್ಕಿಯನ್ನು ಓಡಿಸಿದಳು.

ಐತಣ್ಣ ಫಿರಂಗಿಯಿಂದ ಕೈ ಬಿಡಿಸಿಕೊಂಡ. ಫಿರಂಗಿಯನ್ನು ಕಳಚಿಸಿ, ಕಂಚುಗಾರರ ಕುಲುಮೆಗೆ ಹೊರಿಸಿ, ತನ್ನ ಕೈಯಾರೆ ಬೆಂಕಿ ಇಟ್ಟ. ಫಿರಂಗಿ ಕೊನೆಯದಾಗಿ ಒಮ್ಮೆ ಮೆಲ್ಲಗೆ ಗುಡುಗಿ, ತುಪ್ಪದ ಹಾಗೆ ಕರಗಿತು. ಗುಂಡುಗುಂಡಗಿನ ಕಂಚಿನ ಗಡಿಗೆಗಳು ಸಾಲಾಗಿ ಹೊರಬಂದವು.

ಅಕ್ಕಣಿ ಅಂಜುತ್ತ ಅಂಜುತ್ತ ದೋಣಿಗೆ ಹೋದಳು. "ಅವ್ವ, ನೋವಾಯಿತಾ?"

ಗುಡುಗವ್ವ ಮೂತಿಯನ್ನು ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿದಳು. ಆಮೇಲೆ ಹೇಳಿದಳು, "ಮೂವರು ರಾಜರ ಕಾಲದ ಕುತ್ತಿಗೆ ನೋವು ಹೋಯಿತು, ಹುಡುಗಿ." ನಿಜಕ್ಕೂ ಅವಳ ಮೂತಿ ಮೇಲೆದ್ದಿತ್ತು. ಹುಟ್ಟಿದಂದಿನಿಂದ ನೀರು ಅಗೆಯುತ್ತಿದ್ದವಳು ಈಗ ನೀರಿನ ಮೇಲೆ ಜಾರತೊಡಗಿದಳು. ತನ್ನ ಹೆಮ್ಮೆಯನ್ನೇ ಬಿಚ್ಚಿಕೊಟ್ಟು ಹೀಗೆ ನಗುವುದಕ್ಕೆ ದೊಡ್ಡ ಮನಸ್ಸು ಬೇಕು. ಅದು ಅವಳಿಗಿತ್ತು.

ಗಡಿಗೆ ಆಯಿತು, ಅದಕ್ಕೆ ಕಟ್ಟುವ ಕಲ್ಲು ಎಲ್ಲಿಂದ ತರುವುದು? ಕಡಲ ದಂಡೆಯಲ್ಲಿ ಮರಳುಂಟು, ಕಲ್ಲಿಲ್ಲ. ಆಗ ಏಳು ದ್ವೀಪದ ಹೆಂಗಸರು ತಮ್ಮ ತಮ್ಮ ಬೀಸುಕಲ್ಲು, ಅರೆಯುವ ಕಲ್ಲು, ಒರಳುಗಳನ್ನು ಉರುಳಿಸಿಕೊಂಡು ಧಕ್ಕೆಗೆ ತಂದರು. ಅಲ್ಲಿಂದ ಮುಂದೆ ಊರಿಗೆಲ್ಲ ಗಂಜಿಯೇ ಗತಿ. ಚಟ್ನಿ ಇಲ್ಲದ ಗಂಜಿ ಉಂಡು ಗಂಡಸರು ಗೊಣಗಿದರೆ, "ಹಾಗಾದರೆ ಹಲ್ಲಿನಲ್ಲೇ ಅರೆದುಕೊಳ್ಳಿ" ಎಂದರು ಹೆಂಗಸರು.

ಎರಡನೆಯದು ಬೆಂಕಿಯ ಕಷ್ಟ. ನೀರಿನಲ್ಲಿ ಆರದ ಬೆಂಕಿ ಇರುವುದು ಒಂದೇ: ಕಡಲ ತಳದಲ್ಲಿ ಉರಿಯುವ ಬಡಬಾಗ್ನಿ. ಅದನ್ನು ಕಾಯುವವಳು ಕುದುರೆಮುಖದ ಬಡಬೆ. ಅಕ್ಕಣಿ ಗುಡುಗವ್ವನನ್ನು ಬಡಬೆ ವಾಸಿಸುವ ಬಡಗಣ ಕಡಲಿನ ಸುಳಿಯ ಕಡೆಗೆ ಓಡಿಸಿದಳು. ಆ ಸುಳಿಗೆ ಹೆದರಿ ಜಲಕಂಟಕನ ಹಕ್ಕಿಗಳೂ ಅತ್ತ ಸುಳಿಯುತ್ತಿರಲಿಲ್ಲ. ಚುಕ್ಕಾಣಿ ಹಿಡಿದವನು ಮೀಸೆ ಕೊಗ್ಗಣ್ಣ. ಅವನ ಮೀಸೆಯ ತುದಿಯಲ್ಲಿ ಲಿಂಬೆಹಣ್ಣು ನಿಲ್ಲುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಸುಳಿ ಬಾಯಿ ತೆರೆಯಿತು. ನೀರು ಕುದಿಯಿತು. ಒಳಗಿನಿಂದ ಬಡಬೆ ಎದ್ದುಬಂದಳು. ಮುಖ ಕುದುರೆ, ಮೈ ಜ್ವಾಲೆ.

"ಬೆಂಕಿ ಬೇಕಾ? ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ. ನಿಮಗೆ ನನ್ನನ್ನು ಕಂಡು ಹೆದರಿಕೆ ಉಂಟಾ?"

ಏಳುಕುದುರಿನ ದೋಣಿಯವರು ಹೆದರಿಕೆ ಉಂಟು ಎಂದು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಕೊಗ್ಗಣ್ಣ ಎದೆ ಉಬ್ಬಿಸಿ, "ಹೆದರಿಕೆಯಾ? ನಮಗಾ? ಅದು ಎಂಥದೆಂದೇ ಗೊತ್ತಿಲ್ಲ!" ಎಂದ.

ಬಡಬೆ ಒಂದು ಉಸಿರು ಬಿಟ್ಟಳು. ಕೊಗ್ಗಣ್ಣನ ಮೀಸೆ ಚುರ್ರೆಂದು ಸುಟ್ಟು ಬೂದಿಯಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರುಂಟು. ಇವನ ವಿಷಯದಲ್ಲಿ ಜಟ್ಟಿ ಉಳಿದ, ಮೀಸೆಯೇ ಹೋಯಿತು.

"ನೀನು ಹೇಳು ಹೆಣ್ಣೇ. ಹೆದರಿಕೆ ಉಂಟಾ?"

"ಉಂಟು ತಾಯಿ" ಎಂದಳು ಅಕ್ಕಣಿ. "ನಿನ್ನನ್ನು ಕಂಡು ಹೆದರಿಕೆ, ನಿನ್ನ ಬೆಂಕಿಯನ್ನು ಮುಟ್ಟಲು ಇನ್ನೂ ಹೆದರಿಕೆ. ಕೈತಪ್ಪಿ ನಮ್ಮ ದೋಣಿಯೇ ಸುಟ್ಟುಹೋದರೆ ಎಂದು ಹೆದರಿಕೆ. ಅಣ್ಣ ಬಾರದಿದ್ದರೆ ಎಂದು ಎಲ್ಲಕ್ಕಿಂತ ದೊಡ್ಡ ಹೆದರಿಕೆ."

ಬಡಬೆ ತಣ್ಣಗಾದಳು. "ಹೆದರಿಕೆ ಇದ್ದವರ ಕೈಯಲ್ಲಿ ಮಾತ್ರ ನನ್ನ ಬೆಂಕಿ ನಿಲ್ಲುತ್ತದೆ. ಅವರು ಜೋಪಾನ ಮಾಡುತ್ತಾರೆ. ತಗೋ." ತೆಂಗಿನ ಗೆರಟೆಗಳ ಒಳಗೆ ಒಂದೊಂದೇ ಕಿಡಿ ಹಾಕಿಕೊಟ್ಟು ಹೇಳಿದಳು, "ಇವು ಈಗ ನಿದ್ದೆಯಲ್ಲಿವೆ. ಉಪ್ಪುನೀರು ಕುಡಿದರೆ ಏಳುತ್ತವೆ, ಹೊಳೆಯ ಸಿಹಿನೀರು ಕುಡಿದರೆ ಮತ್ತೆ ಮಲಗುತ್ತವೆ. ಎದ್ದ ಮೇಲೆ ತಾಗಿದವರನ್ನು ಬಿಡುವುದಿಲ್ಲ, ನಿಮ್ಮವರು ಅನ್ನುವುದಿಲ್ಲ, ಹಗೆಯವರು ಅನ್ನುವುದಿಲ್ಲ."

ಹಾಗಾದರೆ ಗಡಿಗೆ ನೀರಿಗೆ ಬಿದ್ದ ಕೂಡಲೇ ಕಿಡಿ ಏಳಬಾರದು, ದೋಣಿ ದೂರ ಹೋಗುವಷ್ಟು ಹೊತ್ತು ಮಲಗಿರಬೇಕು. ಅಕ್ಕಣಿ ಯೋಚಿಸಿ, ಗಡಿಗೆಯ ಕಂಠದಲ್ಲಿ ಒಂದು ತೂತು ಬಿಟ್ಟು, ಅದಕ್ಕೆ ಗಟ್ಟಿ ಬೆಲ್ಲ ಜಡಿದಳು. ಬೆಲ್ಲ ಕರಗಿ ಉಪ್ಪುನೀರು ಒಳಗೆ ಹೋಗುವಷ್ಟರಲ್ಲಿ ದೋಣಿ ಆಚೆ ಇರುತ್ತದೆ. ಬೆಲ್ಲಕ್ಕೆ ಇರುವೆ ಮುತ್ತದ ಹಾಗೆ ಕಾಯಲು ಒಬ್ಬ ಬೇಕಾಯಿತು. ಮೀಸೆ ಕಳೆದುಕೊಂಡ ಕೊಗ್ಗಣ್ಣನಿಗೆ ಆ ಕೆಲಸ ಕೊಟ್ಟರು.

ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಗಡಿಗೆಗಳನ್ನು ಮೊದಲೇ ಅಳಿವೆಯ ಬಾಯಲ್ಲಿ ಹಾಕಿಟ್ಟರೆ ಹಕ್ಕಿಗಳು ಕಂಡು ಹೇಳುತ್ತವೆ, ಮಾಂತ್ರಿಕ ಬೇರೆ ದಾರಿ ಹಿಡಿಯುತ್ತಾನೆ. ಅವನು ಬರುತ್ತಿರುವಾಗ, ಅವನ ಕಣ್ಣೆದುರೇ ಹಾಕಬೇಕು. ಅದನ್ನು ಅಭ್ಯಾಸ ಮಾಡಲು ಗುಡುಗವ್ವನನ್ನು ಹೊಳೆಯೊಳಗೆ ದೂರ ಒಯ್ದರು. ಸಿಹಿನೀರಿನ ಮೇಲೆ ಮಾಂತ್ರಿಕನ ಹಕ್ಕಿಗಳು ಹಾರುತ್ತಿರಲಿಲ್ಲ.

ಆಯುಧ ಹೊರಡುವುದು ಮೂತಿಯಿಂದ, ಇದು ಕಟ್ಟಳೆ. ಹಾಗಾಗಿ ಬರಿಯ ಗಡಿಗೆಗಳನ್ನು ಮೂತಿಯಿಂದ ಹಾಕಿ ಮುಂದೆ ಹೋದರು. ಹೋದರೆ ಏನಾಗುತ್ತದೆ? ತಾನು ಹಾಕಿದ ಗಡಿಗೆಯ ಮೇಲೆ ತಾನೇ ಹತ್ತಿದಳು. ಡಣ್, ಡಣ್, ಡಣ್ ಎಂದು ಹೊಟ್ಟೆಗೆ ಬಡಿಯಿತು. "ಬೆಂಕಿ ಇದ್ದಿದ್ದರೆ ನಾನಿಷ್ಟು ಹೊತ್ತಿಗೆ ಸೌದೆ" ಎಂದಳು ಗುಡುಗವ್ವ.

ಎರಡನೆಯ ಸಲ, ಮುಖ ಹಗೆಯ ಕಡೆಗೇ ಇಟ್ಟು, ಹಿಮ್ಮುಖವಾಗಿ ಸರಿಯುತ್ತ ಮೂತಿಯಿಂದ ಗಡಿಗೆ ಹಾಕಿದರು. ಗಡಿಗೆ ಸರಿಯಾಗಿ ಬಿದ್ದವು. ಆದರೆ ಹಿಮ್ಮುಖವಾಗಿ ಅವಳು ಹೋಗುವುದೆಂದರೆ ಅಜ್ಜಿ ಮೆಟ್ಟಿಲು ಇಳಿದ ಹಾಗೆ. ಬೆಲ್ಲ ಕರಗುವ ಮೊದಲೇ ಆಮೆ ಬಂದು ನುಂಗಿಬಿಡುತ್ತದೆ.

ಉಳಿದದ್ದು ಒಂದೇ ದಾರಿ, ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಕ್ಕಣಿಯೇ ಹೇಳಿದಳು, "ಬೆನ್ನು ತಿರುಗಿಸಿ ಓಡಬೇಕು. ಓಡುತ್ತ ಓಡುತ್ತ ಹಿಂದಿನಿಂದ ಗಡಿಗೆ ಇಳಿಸಬೇಕು."

"ಹೆಸರು ಹೋಗುತ್ತದೆ ಮಗಳೇ" ಎಂದ ಐತಣ್ಣ. "ಗುಡುಗವ್ವನ ಹೆಸರು. ಮತ್ತೆ ನೀನು... ನಿನ್ನನ್ನು ಹೊರಗೆ ಹಾಕುತ್ತಾರೆ. ಮಗ ಬಂದರೆ ಮಗಳು ಇಲ್ಲ ಎಂದಾದರೆ ನನ್ನ ಗತಿ ಎಂಥ?"

"ಅಣ್ಣನಿಗೆ ಅವನ ಹೆಸರು ಉಳಿಯಲಿ ಅಪ್ಪಯ್ಯ. ನಾನು ಎಲ್ಲಾದರೂ ಇರುತ್ತೇನೆ." ಆಮೇಲೆ ಅವಳು ದೋಣಿಯ ಕಡೆಗೆ ತಿರುಗಿದಳು. "ಆದರೆ ಅವ್ವ, ನಿನ್ನ ಹೆಸರನ್ನು ಕೊಡುವ ಹಕ್ಕು ನನಗಿಲ್ಲ. ನೀನು ಹೇಳು."

ಗುಡುಗವ್ವ ಉಗಿ ಬಿಟ್ಟಳು. "ಫಿರಂಗಿ ಕೊಟ್ಟೆ. ಕೊಟ್ಟ ಮೇಲೆ ಗೊತ್ತಾಯಿತು, ನಾನು ಫಿರಂಗಿ ಅಲ್ಲ. ಹೆಸರೂ ಹೋಗಲಿ. ಅದು ಹೋದ ಮೇಲೂ ನಾನು ಇರುತ್ತೇನಲ್ಲ. ಕಟ್ಟಿಗೆ ಹಾಕು, ಹುಡುಗಿ."

ಹುಣ್ಣಿಮೆಯ ದಿನ ಹಗಲಿನ ಉಬ್ಬರಕ್ಕೆ ಆಮೆ ಬಂತು. ಗುಡ್ಡವೇ ನಡೆದು ಬಂದ ಹಾಗೆ ಬಂತು. ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು, ರಾಜನೂ ನಿಂತಿದ್ದ. ಗುಡುಗವ್ವ ಅಳಿವೆ ದಾಟಿ ಒಬ್ಬಳೇ ಎದುರು ಹೋದಳು. ಜಲಕಂಟಕ ಗೋಪುರದ ಕಿಟಕಿಯಿಂದ ಇಣುಕಿ ನಕ್ಕ. "ಬಂದಳು ಮುದುಕಿ! ಇವಳು ಮುಂದೆಯೇ ಬರುತ್ತಾಳೆ, ಮುಂದೆಯೇ ಸಾಯುತ್ತಾಳೆ. ಬೆನ್ನು ತಿರುಗಿಸುವುದು ಇವರಿಗೆ ಗೊತ್ತೇ ಇಲ್ಲ."

ಆಮೆಯ ಕೊಕ್ಕು ಕಾಣುವಷ್ಟು ಹತ್ತಿರ ಹೋಗಿ ಅಕ್ಕಣಿ ಕೂಗಿದಳು, "ಕೊಗ್ಗಣ್ಣ, ತಿರುಗಿಸು!"

ಕೊಗ್ಗಣ್ಣನ ಕೈ ಚುಕ್ಕಾಣಿಯ ಮೇಲೆ ಕಲ್ಲಾಯಿತು. ಹುಟ್ಟಿದಂದಿನಿಂದ ಆ ಕೈ ಅಂಥ ಕೆಲಸ ಮಾಡಿರಲಿಲ್ಲ. ಐತಣ್ಣ ಓಡಿಬಂದು ಅವನ ಕೈಯ ಮೇಲೆ ತನ್ನ ಕೈ ಇಟ್ಟ. ಇಬ್ಬರೂ ಸೇರಿ ತಿರುಗಿಸಿದರು. ಏಳುಕುದುರಿನ ದೋಣಿಯೊಂದು ಮೊದಲ ಸಲ ಹಗೆಗೆ ಬೆನ್ನು ತೋರಿಸಿತು. ದಂಡೆಯಲ್ಲಿದ್ದವರು ಮುಖ ಮುಚ್ಚಿಕೊಂಡರು.

ಅಕ್ಕಣಿ ಒಲೆಗೆ ಹಸಿ ಸೌದೆ ತುಂಬಿದಳು. ಕಪ್ಪು ಹೊಗೆ ಎದ್ದು ಹಿಂದಕ್ಕೆ ಹಾಸಿತು. ಆ ಹೊಗೆಯ ಮರೆಯಲ್ಲಿ ಐತಣ್ಣ ಒಂದೊಂದೇ ಗಡಿಗೆಯನ್ನು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ನೀರಿಗೆ ಇಳಿಸಿದ.

ಗೋಪುರದಲ್ಲಿ ಜಲಕಂಟಕನಿಗೆ ನಂಬಿಕೆಯೇ ಬರಲಿಲ್ಲ. ಹತ್ತಿರ ಹಾರುತ್ತಿದ್ದ ಹಕ್ಕಿಯನ್ನು ಕರೆದ. ಆ ಹಕ್ಕಿ ದೂಮನೇ ಆಗಿತ್ತು. "ಹೇಳು, ಅವಳು ಏನು ಮಾಡುತ್ತಿದ್ದಾಳೆ?"

"ಬೆನ್ನು ತಿರುಗಿಸಿ ಓಡುತ್ತಿದ್ದಾಳೆ" ಎಂದ ದೂಮ. ಸುಳ್ಳು ಅವನ ನಾಲಿಗೆಗೆ ಬರುತ್ತಿರಲಿಲ್ಲ.

"ಹಿಂದಿನಿಂದ ಏನೋ ಬೀಳುವ ಸದ್ದು ಕೇಳುತ್ತಿದೆಯಲ್ಲ? ಹತ್ತಿರ ಹೋಗಿ ನೋಡಿ ಬಂದು ಹೇಳು."

ದೂಮ ಹೊಗೆಯೊಳಗೆ ನುಗ್ಗಿದ. ಅಪ್ಪನನ್ನು ಕಂಡ, ಅಪ್ಪ ಎಂದು ಗೊತ್ತಾಗಲಿಲ್ಲ. ಐತಣ್ಣ ಹಕ್ಕಿಯನ್ನು ಕಂಡ. ಕೈಯಲ್ಲಿ ಗಡಿಗೆ ಇತ್ತು, ಕಣ್ಣಲ್ಲಿ ನೀರು ಬಂತು. ಮರೆಮಾಡಲು ಆಗುವ ಹಾಗಿರಲಿಲ್ಲ. ಇಳಿಸಿದ. ಹಕ್ಕಿ ನೋಡಿತು, ಹಾರಿಹೋಯಿತು. ಐತಣ್ಣ ಕಣ್ಣು ಒರೆಸಿಕೊಳ್ಳದೆ ಮುಂದಿನ ಗಡಿಗೆಗೆ ಕೈ ಹಾಕಿದ.

"ಏನು ಬೀಳುತ್ತಿದೆ?" ಎಂದು ಕೇಳಿದ ಜಲಕಂಟಕ.

"ಗಡಿಗೆಗಳು" ಎಂದ ದೂಮ. "ಬೀಸುಕಲ್ಲು. ಒರಳು."

ಜಲಕಂಟಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಡುಗೆಮನೆಯನ್ನೇ ಕಟ್ಟಿಕೊಂಡು ಓಡಿಹೋಗುತ್ತಿದ್ದವರು, ಈಗ ಭಾರ ಇಳಿಸಿ ಹಗುರಾಗುತ್ತಿದ್ದಾರೆ! ಹೇಡಿಗಳು! ಅಟ್ಟಿಸಿಕೊಂಡು ಹೋಗು, ಆಮೆಯೇ!"

ನಿಜ ಕೇಳಿಸಿಕೊಂಡೂ ಅವನಿಗೆ ನಿಜ ತಿಳಿಯಲಿಲ್ಲ. ಬೇರೆಯವರನ್ನು ಹೇಡಿ ಎಂದು ಎಣಿಸಿದವನಿಗೆ ಹಾಗೆಯೇ ಆಗಬೇಕು.

ಆಮೆ ನೆಟ್ಟಗೆ ಹೊಗೆಯೊಳಗೆ ನುಗ್ಗಿತು. ನೀರಿನ ಅಡಿಯಲ್ಲಿ ಬೆಲ್ಲ ಕರಗಿತ್ತು. ಕಿಡಿಗಳು ಎದ್ದು ಕೂತಿದ್ದವು. ಮೊದಲ ಗಡಿಗೆ ಹೊಟ್ಟೆಗೆ ತಾಗಿತು. ಕಡಲು ಕಂಬವಾಗಿ ಮೇಲೆದ್ದಿತು. ಎರಡನೆಯದು ತಾಗಿತು, ಮೂರನೆಯದು ತಾಗಿತು. ಕರಗಿಹೋದ ಫಿರಂಗಿಯ ಗುಡುಗೆಲ್ಲ ಕಡಲ ಹೊಟ್ಟೆಯಿಂದ ಎದ್ದುಬಂದು, ಏಳು ದ್ವೀಪಗಳ ಹಂಚುಗಳೆಲ್ಲ ಗಲಗಲ ಅಂದವು.

ಬಡಬಾಗ್ನಿ ತಾಗಿದ್ದೇ ತಡ, ಮಂತ್ರ ಸುಟ್ಟುಹೋಯಿತು. ಕಬ್ಬಿಣದ ಚಿಪ್ಪು ಮೊಟ್ಟೆಯ ಓಡಿನ ಹಾಗೆ ಬಿರಿದು ಬಿತ್ತು. ಅದರೊಳಗಿಂದ ಊಟದ ತಟ್ಟೆಯಷ್ಟು ದೊಡ್ಡ ಆಮೆಯೊಂದು ಹೊರಗೆ ಬಂದು, ಅತ್ತಿತ್ತ ನೋಡಿ, ತನ್ನ ಪಾಡಿಗೆ ತಾನು ಈಜಿಕೊಂಡು ಹೋಯಿತು. ಗೋಪುರ ವಾಲಿತು. ಜಲಕಂಟಕ ಕಿಟಕಿಯಿಂದ ನೀರಿಗೆ ಬಿದ್ದ. ಉಪ್ಪಿನ ಮೈ, ಕೂಗಲೂ ಬಿಡುವಿಲ್ಲದೆ ಕರಗಿಹೋಯಿತು.

ಆಕಾಶದಲ್ಲಿ ಹಾರುತ್ತಿದ್ದ ಹಕ್ಕಿಗಳ ರೆಕ್ಕೆಗಳು ಕೈಗಳಾದವು. ಮೀನುಗಾರರೆಲ್ಲ ದಬದಬನೆ ಕಡಲಿಗೆ ಬಿದ್ದರು. ಕಡಲ ಮಕ್ಕಳಿಗೆ ಈಜು ಕಲಿಸಬೇಕೇ! ಉಳಿದ ಗಡಿಗೆಗಳ ಸಾಲು ಎಲ್ಲಿದೆ ಎಂದು ಗುಡುಗವ್ವನಿಗೆ ಗೊತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆ ಸಾಲನ್ನು ಬಳಸಿ ಹೋಗಿ ಒಬ್ಬೊಬ್ಬರನ್ನೇ ಎತ್ತಿಕೊಂಡಳು. ಕೊನೆಗೆ ಹತ್ತಿದವನು ದೂಮ. ಐತಣ್ಣನ ಮುಂದೆ ನೀರು ಸುರಿಸುತ್ತ ನಿಂತು, ಬಹಳ ಹೊತ್ತು ಮುಖ ನೋಡಿ, "ಅಪ್ಪಯ್ಯ" ಎಂದ. ಐತಣ್ಣ ಅವನ ಒದ್ದೆ ತಲೆಯನ್ನು ಎದೆಗೊತ್ತಿಕೊಂಡ. ಅಕ್ಕಣಿ ಇಬ್ಬರನ್ನೂ ಬಳಸಿ ಹಿಡಿದು, ಅವರ ಮೈಗೆಲ್ಲ ಮಸಿ ಮಾಡಿದಳು.

ದಂಡೆಯಲ್ಲಿ ಹಬ್ಬವೋ ಹಬ್ಬ. ಆದರೆ ಧಕ್ಕೆಯ ಮೇಲೆ ರಾಜ ಪದುಮರಸ ಉಳಿ, ಸುತ್ತಿಗೆ ಹಿಡಿದು ನಿಂತಿದ್ದ. ಅದನ್ನು ಕಂಡು ಜನರ ಗದ್ದಲ ನಿಂತಿತು. 

"ಅಕ್ಕಣಿ, ನೀನು ಹಗೆಗೆ ಬೆನ್ನು ತೋರಿಸಿದೆಯಾ?"

"ತೋರಿಸಿದೆ ಮಹಾಪ್ರಭು."

ದೂಮ ಅಡ್ಡ ಬಂದ. "ದೊರೆಗಳೇ, ಆ ಬೆನ್ನು ಕಂಡದ್ದು ನಾನು. ಮೇಲಿನಿಂದ ಇಡೀ ಹೊತ್ತು ಅದನ್ನೇ ನೋಡುತ್ತ ಇದ್ದೆ. ನನ್ನ ಹೆಸರು ಮರೆಯುವುದರಲ್ಲಿತ್ತು, ಆ ಬೆನ್ನಿನ ಹಿಂದೆ ಹೋದರೆ ಮನೆ ಸಿಗುತ್ತದೆ ಎಂಬುದೊಂದು ಮರೆಯಲಿಲ್ಲ. ಶಿಕ್ಷೆ ಕೊಡುವುದಾದರೆ ನನಗೂ ಕೊಡಿ."

"ಕಟ್ಟಳೆ ಕಟ್ಟಳೆಯೇ" ಎಂದ ರಾಜ. ತಾನೇ ಮಂಡಿಯೂರಿ ಗುಡುಗವ್ವನ ಮೂತಿಯಿಂದ ಹೆಸರನ್ನು ಕೆತ್ತಿ ತೆಗೆದ. ಒಂದೊಂದು ಅಕ್ಷರ ಬಿದ್ದಾಗಲೂ ಐತಣ್ಣ ಕಣ್ಣು ಮುಚ್ಚಿಕೊಂಡ. ಗುಡುಗವ್ವ ಮಾತ್ರ ಮೂತಿ ಎತ್ತಿಕೊಂಡೇ ನಿಂತಿದ್ದಳು.

"ಹೆಸರು ಹೋಯಿತು" ಎಂದ ರಾಜ, ಬೆವರು ಒರೆಸಿಕೊಂಡು. "ಇನ್ನು ತಂಡೇಲಳನ್ನು ರಾಜ್ಯದ ಹೊರಗೆ ಕಳಿಸಬೇಕು. ಎಷ್ಟು ದೂರ ಎಂದು ಕಲ್ಲಿನಲ್ಲಿ ಬರೆದಿಲ್ಲ, ಎಷ್ಟು ಕಾಲ ಎಂದೂ ಬರೆದಿಲ್ಲ. ನಮ್ಮ ರಾಜ್ಯ ಮುಗಿಯುವುದು ಅಳಿವೆಯ ಬಾಯಲ್ಲಿ. ಅದರಾಚೆ ಸಿಡಿಯದೆ ಉಳಿದ ಗಡಿಗೆಗಳಿವೆ. ನಾಳೆ ನಮ್ಮವರ ಬಲೆಗೇ ಸಿಗುತ್ತವೆ. ಅಕ್ಕಣಿ, ನಿನ್ನನ್ನು ರಾಜ್ಯದ ಹೊರಗೆ ಹಾಕಿದ್ದೇನೆ. ಇಳಿತಕ್ಕೆ ಬರುವ ಹೊಳೆಯ ಸಿಹಿನೀರು ಕುಡಿದು ಅವು ಮಲಗಿದಾಗ ಹೋಗಿ ಅವನ್ನೆಲ್ಲ ಜೋಪಾನವಾಗಿ ಎತ್ತಿ, ಬಡಬೆಯ ಕಿಡಿಗಳನ್ನು ಬಡಬೆಗೇ ಒಪ್ಪಿಸಿ ಬಾ. ಊಟಕ್ಕೆ ಕಾಯುತ್ತೇವೆ."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಜನ ಓ ಎಂದು ಕೂಗಿದರು. ಅಕ್ಕಣಿ ನಗುತ್ತ ಅಳುತ್ತ ಅಡ್ಡಬಿದ್ದಳು.

"ನಿಲ್ಲು, ಇನ್ನೂ ಮುಗಿದಿಲ್ಲ" ಎಂದ ರಾಜ. ಉಳಿ, ಸುತ್ತಿಗೆ ತೆಗೆದುಕೊಂಡು ದೋಣಿಯ ಹಿಂಬದಿಗೆ ನಡೆದ. ಅಲ್ಲಿ ಬಿಸಿಲು ಇಳಿಯುವ ತನಕ ಕೂತು ಏನೋ ಕೆತ್ತಿದ. ರಾಜನ ಮೈ ಅಡ್ಡವಾಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಆಮೇಲೆ ಅಕ್ಕಣಿ ಕಟ್ಟಿಗೆ ಹಾಕಿದಳು, ದೂಮ ಚುಕ್ಕಾಣಿ ಹಿಡಿದ, ದೋಣಿ ಕಡಲ ಕಡೆಗೆ ಹೊರಟಿತು. ಅವತ್ತಿನ ತನಕ, ಹೊರಟುಹೋಗುವ ಗುಡುಗವ್ವನನ್ನು ನೋಡುತ್ತ ನಿಂತವರಿಗೆ ಬರಿಯ ಹಲಗೆಯೇ ಕಾಣುತ್ತಿತ್ತು. ಹೆಸರು ಇದ್ದದ್ದು ಹಗೆಗೆ ಕಾಣುವ ಕಡೆ. ಈಗ ಊರಿನ ಕಡೆಗೆ ತಿರುಗಿದ ಆ ಬೆನ್ನಿನ ಮೇಲೆ, ಆಚೆಯ ದ್ವೀಪದವರಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಿದ್ದವು. ಐತಣ್ಣ ಧಕ್ಕೆಯ ತುದಿಗೆ ಹೋಗಿ, ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದ:

"ಗು-ಡು-ಗ-ವ್ವ."

ಅವಳು ಸೀಟಿ ಹಾಕಿದಳು. ಏಳು ದ್ವೀಪದವರು ಆ ದಿನ ಉಂಡ ಊಟದ ರುಚಿಯನ್ನು ಸಾಯುವ ತನಕ ಹೇಳಿಕೊಂಡರು, ಹೇಳಿಕೊಂಡು ಸುಖವಾಗಿದ್ದರು. ಕೇಳಿದ ನಿಮ್ಮ ಮನೆಯಲ್ಲೂ ಹೊರಟವರು ಊಟದ ಹೊತ್ತಿಗೆ ಬಂದು ಸೇರಲಿ.